ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ತಣ್ಣಗೆ: ಕಪ್ಪು ಗಸಿ ತೆಗೆಸುವ ಮುಂಚೆ ಗಾಳಿ ಬರುವ ದಾರಿ ಹುಡುಕಿ

ಪ್ರಶ್ನೆ: ನಾವು ಮೈಸೂರಿನವರು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಎರಡು ವರ್ಷದ ಹಿಂದೆ 1970ರ ದಶಕದಲ್ಲಿ ಕಟ್ಟಿದ ಮನೆ ಕೊಂಡೆವು. ಹಿಂದಿನ ಮಾಲೀಕರು ಹಳೆ ಬಾಯ್ಲರ್ ತೆಗೆಸಿ, ನಲ್ಲಿ ನೀರನ್ನೂ ಮನೆಯನ್ನೂ ಬಿಸಿ ಮಾಡುವ ಕಾಂಬಿ ಬಾಯ್ಲರ್ ಹಾಕಿಸಿದ್ದಾರೆ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗಳು ಮಾತ್ರ ಹಳೆಯವೇ. ಹಾಲ್‌ನಲ್ಲಿರುವ ದೊಡ್ಡ ರೇಡಿಯೇಟರ್ ಮೇಲ್ಗಡೆ ಕೈ ಇಡೋಕಾಗದಷ್ಟು ಬಿಸಿ, ಕೆಳಗೆ ನಡುಭಾಗ ತಣ್ಣಗೆ. ಮೇಲಿನ ಕೀಲಿ ತಿರುಗಿಸಿ ಒಳಗೆ ಸೇರಿದ ಗಾಳಿ ಹೊರಬಿಡಲು ಹೋದರೆ ಕಪ್ಪು ನೀರು ಬರುತ್ತದೆ. ಬಾಯ್ಲರ್ ಪ್ರೆಶರ್ ವಾರಕ್ಕೊಮ್ಮೆ ಇಳಿಯುತ್ತದೆ, ನಾನೇ ಹೊಸ ನೀರು ಬಿಟ್ಟು ಟಾಪ್ ಅಪ್ ಮಾಡುತ್ತೇನೆ. ಒಬ್ಬ ಎಂಜಿನಿಯರ್ ಪವರ್ ಫ್ಲಶ್ (ಯಂತ್ರದಿಂದ ನೀರು ಓಡಿಸಿ ಒಳಗೆಲ್ಲ ತೊಳೆಯುವುದು) ಮಾಡಿಸಿ, 650 ಪೌಂಡ್ ಆಗುತ್ತದೆ ಅಂದರು. ಇನ್ನೊಬ್ಬರು ರೇಡಿಯೇಟರ್ ಎಲ್ಲ ಬದಲಿಸಿ ಅಂದರು. ಡಿಸೆಂಬರ್‌ನಲ್ಲಿ ಅತ್ತೆ-ಮಾವ ಬರುತ್ತಿದ್ದಾರೆ. ಇದನ್ನು ನಾವೇ ಶುಚಿ ಮಾಡಬಹುದಾ? ಈ ಕಪ್ಪು ನೀರು ಮಗುವಿನ ಸ್ನಾನದ ನೀರಿಗೂ ಸೇರುತ್ತದಾ?

ಉತ್ತರ: ಮೊದಲು ಮಗುವಿನ ವಿಷಯ. ಇಲ್ಲ, ಸೇರುವುದಿಲ್ಲ. ರೇಡಿಯೇಟರ್‌ನಲ್ಲಿ ಸುತ್ತುವ ನೀರೇ ಬೇರೆ, ನಲ್ಲಿಯಲ್ಲಿ ಬರುವ ಬಿಸಿನೀರೇ ಬೇರೆ. ಊರಲ್ಲಿ ಗೀಸರ್, ಸೋಲಾರ್ ನೋಡಿ ಬೆಳೆದವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಅಲ್ಲಿ ಕಾದ ನೀರು ಹಾಗೇ ಖರ್ಚಾಗುತ್ತದೆ. ಇಲ್ಲಿ ರೇಡಿಯೇಟರ್‌ಗೆ ಒಮ್ಮೆ ತುಂಬಿದ ನೀರೇ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಾಂಬಿ ಬಾಯ್ಲರ್ ಒಳಗೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಅಂತ ಒಂದು ಭಾಗ ಇದೆ. ತೆಳು ಸ್ಟೀಲ್ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಒಂದು ಸಂದಿಯಲ್ಲಿ ರೇಡಿಯೇಟರ್ ಕಡೆಯ ಬಿಸಿನೀರು ಹರಿಯುತ್ತದೆ, ಪಕ್ಕದ ಸಂದಿಯಲ್ಲಿ ನಲ್ಲಿ ನೀರು. ಬಿಸಿ ಮಾತ್ರ ದಾಟುತ್ತದೆ, ನೀರು ದಾಟುವುದಿಲ್ಲ.

ಆದರೆ ಆ ಸಂದಿಗಳು ತುಂಬಾ ಕಿರಿದು. ಗಸಿ ಬೇಗ ಕಟ್ಟಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ಶವರ್‌ನಲ್ಲಿ ನಿಂತಾಗ ನೀರು ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಬರೋಕೆ ಶುರುವಾದರೆ ಗಸಿ ಅಲ್ಲಿಗೂ ಹೋಗಿದೆ ಅಂತ ಅನುಮಾನಿಸಬೇಕು. ಬಾಯ್ಲರ್ ಗುರುಗುಡುವುದು, ನೀರು ಕುದಿಯುವ ಸದ್ದು ಮಾಡುವುದು ಕೂಡ ಒಳಗೆ ಹರಿವು ಕಟ್ಟಿದೆ ಅನ್ನುವ ಸೂಚನೆ. ನೀವು ಇವೆರಡನ್ನೂ ಬರೆದಿಲ್ಲ. ಹಾಗಾದರೆ ಇನ್ನೂ ಕೈ ಮೀರಿಲ್ಲ.

ನಿಮ್ಮ ಹಾಲ್‌ನ ರೇಡಿಯೇಟರ್‌ನಲ್ಲಿ ಇರುವುದು ಗಸಿಯೇ, ಅದರಲ್ಲಿ ಅನುಮಾನ ಬೇಡ. ಮೇಲ್ಭಾಗ ತಣ್ಣಗಿದ್ದು ಕೆಳಗೆ ಬಿಸಿ ಇದ್ದರೆ ಅದು ಗಾಳಿ. ಇಡೀ ರೇಡಿಯೇಟರ್ ತಣ್ಣಗಿದ್ದರೆ ಸಾಮಾನ್ಯವಾಗಿ ವಾಲ್ವ್ ಒಳಗಿನ ಪಿನ್ ಸಿಕ್ಕಿಕೊಂಡಿರುತ್ತದೆ. ಕೆಳಗೆ ನಡುವೆ ತಣ್ಣಗೆ, ಎರಡೂ ಪಕ್ಕ ಮತ್ತು ಮೇಲೆ ಬಿಸಿ ಅಂದರೆ ಗಸಿ. ಅದು ಭಾರದ ವಸ್ತು. ನೀರು ನಿಧಾನಕ್ಕೆ ಹರಿಯುವ ಕಡೆ ತಳ ಹಿಡಿಯುತ್ತದೆ, ರೇಡಿಯೇಟರ್‌ನಲ್ಲಿ ನೀರು ಅತಿ ನಿಧಾನಕ್ಕೆ ಹರಿಯುವುದು ಆ ಜಾಗದಲ್ಲೇ. ಖಾತ್ರಿ ಮಾಡಿಕೊಳ್ಳಬೇಕಾದರೆ ಗಾಳಿ ಬಿಡುವಾಗ ಬರುವ ಕಪ್ಪು ನೀರನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಹೊರಗಿನಿಂದ ಫ್ರಿಜ್ ಮ್ಯಾಗ್ನೆಟ್ ಒತ್ತಿ ಹಿಡಿದು ಐದು ನಿಮಿಷ ಬಿಡಿ. ಕಪ್ಪು ಪುಡಿ ಬಂದು ಮ್ಯಾಗ್ನೆಟ್ ಇರುವ ಕಡೆ ಗಾಜಿಗೆ ಅಂಟಿಕೊಂಡರೆ ಅದು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಕಪ್ಪು ಆಕ್ಸೈಡ್.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಗಸಿ ಹೊರಗಿನಿಂದ ಬಂದ ಕೊಳೆ ಅಲ್ಲ. ನಿಮ್ಮ ರೇಡಿಯೇಟರ್‌ನ ಕಬ್ಬಿಣವೇ ಒಳಗಿನಿಂದ ತುಕ್ಕು ಹಿಡಿದು ಉದುರಿ ಹೀಗಾಗಿದೆ. ಹಾಗಾಗಿ ಶುಚಿ ಮಾಡಿ ಸುಮ್ನಾದರೆ ಸಾಲದು, ತುಕ್ಕು ಯಾಕೆ ಹಿಡಿಯುತ್ತಿದೆ ಅಂತ ನೋಡಬೇಕು. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕಪ್ಪು ನೀರಲ್ಲ. ವಾರಕ್ಕೊಮ್ಮೆ ಪ್ರೆಶರ್ ಇಳಿಯುತ್ತದೆ, ನಾನೇ ಟಾಪ್ ಅಪ್ ಮಾಡುತ್ತೇನೆ ಅನ್ನುವ ಸಾಲು. ನಿಮ್ಮ ನಿಜವಾದ ತೊಂದರೆ ಅದೇ.

ಒಂದು ಸಣ್ಣ ಲೆಕ್ಕ ಹಾಕೋಣ. ಸಾಮಾನ್ಯ ಮನೆಯ ಹೀಟಿಂಗ್ ವ್ಯವಸ್ಥೆಯಲ್ಲಿ ಸುಮಾರು 100 ಲೀಟರ್ ನೀರಿರುತ್ತದೆ. ತಣ್ಣನೆಯ ನಲ್ಲಿ ನೀರಿನ ಒಂದು ಲೀಟರ್‌ನಲ್ಲಿ ಸುಮಾರು 10 ಮಿಲಿಗ್ರಾಂ ಆಕ್ಸಿಜನ್ ಕರಗಿರುತ್ತದೆ. ಅಂದರೆ ಮೊದಲ ಸಲ ತುಂಬಿದ ಅಷ್ಟೂ ನೀರಿನಲ್ಲಿ ಒಟ್ಟು 1 ಗ್ರಾಂ ಆಕ್ಸಿಜನ್. 1 ಗ್ರಾಂ ಆಕ್ಸಿಜನ್ ಕಬ್ಬಿಣದ ಜೊತೆ ಸೇರಿದರೆ ಆಗುವ ಮ್ಯಾಗ್ನೆಟೈಟ್ 3.6 ಗ್ರಾಂ. ಒಂದು ಚಮಚವೂ ಇಲ್ಲ. ಆಕ್ಸಿಜನ್ ಮುಗಿದ ಮೇಲೆ ತುಕ್ಕು ಬಹಳ ನಿಧಾನವಾಗುತ್ತದೆ. ಹಾಗಿರುವಾಗ ಹಳೆ ರೇಡಿಯೇಟರ್ ಒಂದರಿಂದಲೇ ಅರ್ಧ ಬಕೆಟ್ ಕಪ್ಪು ಕೆಸರು ಬರುತ್ತದಲ್ಲ, ಅದು ಎಲ್ಲಿಂದ ಬಂತು? ಮತ್ತೆ ಮತ್ತೆ ಹೊಸ ಆಕ್ಸಿಜನ್ ಒಳಗೆ ಬರುತ್ತಿದ್ದರೆ ಮಾತ್ರ ಅಷ್ಟಾಗುತ್ತದೆ. ಟಾಪ್ ಅಪ್ ನೀರಿನ ಜೊತೆ ಬರಬಹುದು. ಇಲ್ಲವೇ ನೇರವಾಗಿ ಗಾಳಿಯೇ ಬರಬಹುದು. ಗಾಳಿ ಇನ್ನೂ ಕೆಟ್ಟದ್ದು: ಒಂದು ಲೀಟರ್ ಗಾಳಿಯಲ್ಲಿ ಇರುವ ಆಕ್ಸಿಜನ್ ಕಾಲು ಗ್ರಾಂಗಿಂತ ಸ್ವಲ್ಪ ಜಾಸ್ತಿ. 28 ಲೀಟರ್ ಹೊಸ ನೀರಿನಲ್ಲಿ ಇರುವಷ್ಟು ಅದೊಂದರಲ್ಲೇ ಬಂತು.

ನಿಮ್ಮ ಮನೆಯಲ್ಲಿ ಗಸಿಯ ದೊಡ್ಡ ಪಾಲು ಹಳೆ ಕಾಲದ್ದು ಅಂತ ನನ್ನ ಅಂದಾಜು. ಆ ಕಾಲದ ಮನೆಗಳಲ್ಲಿ ಲಾಫ್ಟ್‌ನಲ್ಲಿ ಒಂದು ಸಣ್ಣ ಟ್ಯಾಂಕ್ ಇಟ್ಟು, ಅದರಿಂದ ಹೀಟಿಂಗ್‌ಗೆ ನೀರು ಕೊಡುತ್ತಿದ್ದರು. ಟ್ಯಾಂಕ್‌ನ ಬಾಯಿ ಗಾಳಿಗೆ ತೆರೆದಿರುತ್ತಿತ್ತು. ಪಂಪ್ ಸರಿಯಾಗಿ ಹೊಂದಿಸದಿದ್ದರೆ ಬಿಸಿನೀರು ಮೇಲಿನ ಪೈಪ್‌ನಿಂದ ಆ ಟ್ಯಾಂಕ್‌ಗೆ ಸುರಿದು, ಗಾಳಿ ಕುಡಿದು, ಮತ್ತೆ ಕೆಳಗೆ ಬರುತ್ತಿತ್ತು. ವರ್ಷಗಟ್ಟಲೆ ಹೀಗೆ ನಡೆದರೆ ರೇಡಿಯೇಟರ್ ಉಳಿಯುತ್ತದಾ? ಕಾಂಬಿ ಹಾಕಿದವರು ಟ್ಯಾಂಕ್ ಸಂಪರ್ಕ ತೆಗೆದರು, ಒಳಗಿದ್ದ ಗಸಿ ತೆಗೆಯಲಿಲ್ಲ. (ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಟ್ಯಾಂಕ್ ಇನ್ನೂ ಕೆಲಸ ಮಾಡುತ್ತಿದ್ದರೆ, ಅಲ್ಲಿಂದ ಇಳಿಯುವ ತಾಮ್ರದ ಪೈಪ್ ಹೀಟಿಂಗ್ ಪೈಪ್‌ಗೆ ಸೇರುವ ಕಡೆ ಮ್ಯಾಗ್ನೆಟ್ ಇಟ್ಟು ನೋಡಿ. ತಾಮ್ರಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಮ್ಯಾಗ್ನೆಟೈಟ್ ಕಟ್ಟಿದೆ. ಅಲ್ಲಿ ಕಟ್ಟಿಕೊಳ್ಳುವುದು ತುಂಬಾ ಸಾಮಾನ್ಯ.)

ಈಗ ಪ್ರೆಶರ್ ಎಲ್ಲಿ ಹೋಗುತ್ತಿದೆ ಅಂತ ಹುಡುಕಬೇಕು. ಇದಕ್ಕೆ ದುಡ್ಡು ಬೇಡ, ತಾಳ್ಮೆ ಬೇಕು. ತಣ್ಣಗಿದ್ದಾಗ ಗೇಜ್‌ನಲ್ಲಿ 1ರಿಂದ 1.5 ಬಾರ್ ಇರಬೇಕು. ಹೀಟಿಂಗ್ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಸ್ವಲ್ಪ ಏರಿದರೆ ಸರಿ. 3 ಬಾರ್ ಹತ್ತಿರ ಹೋಗಿ, ತಣ್ಣಗಾದ ಮೇಲೆ ಸೊನ್ನೆಗೆ ಇಳಿಯುತ್ತದೆ ಅಂದರೆ ಎಕ್ಸ್‌ಪಾನ್ಷನ್ ವೆಸೆಲ್ ಕೆಲಸ ಮಾಡುತ್ತಿಲ್ಲ. ಕಾದ ನೀರು ಹಿಗ್ಗಿದಾಗ ಅದಕ್ಕೆ ಜಾಗ ಕೊಡಲು ಇರುವ, ಒಂದು ಕಡೆ ಗಾಳಿ ತುಂಬಿದ ಡಬ್ಬಿ ಅದು. ಅದರ ಗಾಳಿ ಹೋದರೆ ಹಿಗ್ಗಿದ ನೀರು 3 ಬಾರ್‌ನಲ್ಲಿ ಸೇಫ್ಟಿ ವಾಲ್ವ್ ತೆರೆದುಕೊಂಡು ಹೊರಗೆ ಹೋಗುತ್ತದೆ. ನೀವು ಮತ್ತೆ ತುಂಬುತ್ತೀರಿ. ಮತ್ತೆ ಹೋಗುತ್ತದೆ. ಪ್ರತಿ ಸಲವೂ ಹೊಸ ಆಕ್ಸಿಜನ್.

ಬಾಯ್ಲರ್ ಇರುವ ಗೋಡೆಯ ಹೊರಗೆ ಹೋಗಿ ನೋಡಿ. ಗೋಡೆ ಕಡೆಗೆ ಬಗ್ಗಿಸಿದ ಬೆರಳು ದಪ್ಪದ ತಾಮ್ರದ ಪೈಪ್ ಕಾಣುತ್ತದೆ. ಸೇಫ್ಟಿ ವಾಲ್ವ್‌ನ ನೀರು ಬರುವುದು ಅಲ್ಲಿಂದ. ಅದರ ತುದಿಗೆ ಒಂದು ಪ್ಲಾಸ್ಟಿಕ್ ಕವರ್ ಸಡಿಲವಾಗಿ ಕಟ್ಟಿ ಎರಡು ದಿನ ಬಿಡಿ. ಕವರ್‌ನಲ್ಲಿ ನೀರು ನಿಂತರೆ ಉತ್ತರ ಸಿಕ್ಕಿತು. ಬಾಯ್ಲರ್ ಉರಿಯುವಾಗ ಆ ಪೈಪ್ ಹತ್ತಿರ ಮುಖ, ಕೈ ಒಯ್ಯಬೇಡಿ, ಬರುವ ನೀರು ಸುಡುತ್ತದೆ. ಮಗುವನ್ನೂ ಅಲ್ಲಿಂದ ದೂರ ಇಡಿ.

ಕವರ್ ಒಣಗೇ ಇದ್ದರೆ ರೇಡಿಯೇಟರ್ ವಾಲ್ವ್‌ಗಳನ್ನು ಒಂದೊಂದಾಗಿ ನೋಡಿ. ನಟ್ ಸುತ್ತ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ ಅಲ್ಲಿ ನಿಧಾನಕ್ಕೆ ಸೋರುತ್ತಿದೆ. ನೀರು ಬಿಸಿಗೆ ಆರಿಹೋಗುವುದರಿಂದ ಕಾರ್ಪೆಟ್ ಒದ್ದೆ ಆಗದೇ ಇರಬಹುದು. ಟಿಶ್ಯೂ ಪೇಪರ್ ಸುತ್ತಿ ರಾತ್ರಿ ಬಿಟ್ಟರೆ ಕಲೆ ಕಾಣುತ್ತದೆ. ಅಲ್ಲೂ ಏನೂ ಇಲ್ಲ ಅಂದರೆ ಒಂದು ರಾತ್ರಿ ಬಾಯ್ಲರ್ ಸ್ವಿಚ್ ಆಫ್ ಮಾಡಿ, ಅದು ಪೂರ್ತಿ ತಣ್ಣಗಾದ ಮೇಲೆ ಬಾಯ್ಲರ್ ಕೆಳಗಿನ ಹೀಟಿಂಗ್ ಪೈಪ್‌ಗಳ ಎರಡು ವಾಲ್ವ್ ಮುಚ್ಚಿ ಗೇಜ್ ನೋಡಿಕೊಳ್ಳಿ. ಬೆಳಿಗ್ಗೆಗೆ ಗೇಜ್ ಇಳಿದಿದ್ದರೆ ಸೋರಿಕೆ ಬಾಯ್ಲರ್ ಒಳಗೆ. ಹಾಗೇ ನಿಂತಿದ್ದರೆ ಮನೆಯ ಪೈಪ್‌ಗಳಲ್ಲಿ. ವಾಲ್ವ್ ಮತ್ತೆ ತೆರೆದ ಮೇಲೆಯೇ ಬಾಯ್ಲರ್ ಹಾಕಬೇಕು, ಇದನ್ನು ಮರೆಯಬಾರದು.

ಇನ್ನೊಂದು ಅನುಭವದ ಮಾತು. ವಾರ ವಾರ ಗಾಳಿ ಬಿಡಬೇಕಾಗಿ ಬರುತ್ತಿದ್ದರೆ ಅದು ಗಾಳಿಯೇ ಆಗಿರಬೇಕಿಲ್ಲ. ನೀರು ಕಬ್ಬಿಣವನ್ನು ತಿನ್ನುವಾಗ ಹೈಡ್ರೋಜನ್ ಹುಟ್ಟಿ ರೇಡಿಯೇಟರ್ ಮೇಲ್ಭಾಗದಲ್ಲಿ ಸೇರುತ್ತದೆ. ಅದು ಹೊತ್ತಿಕೊಳ್ಳುವ ಅನಿಲ. ಗಾಳಿ ಬಿಡುವಾಗ ಹತ್ತಿರ ದೀಪ, ಮೇಣದಬತ್ತಿ, ಸಿಗರೇಟು ಯಾವುದೂ ಇರಬಾರದು. ಹಳೆ ಕಾಲದ ಪ್ಲಂಬರ್‌ಗಳು ಬೆಂಕಿ ಹಿಡಿದು ಪರೀಕ್ಷೆ ಮಾಡುತ್ತಿದ್ದರು ಅಂತ ಕೇಳಿ ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ವಾಲ್ವ್ ನಟ್ ಸೋರುತ್ತಿದ್ದರೆ ಯಾವ ಪ್ಲಂಬರ್ ಆದರೂ ಸರಿಮಾಡುತ್ತಾರೆ. ಬಾಯ್ಲರ್ ಕವಚ ತೆಗೆಯಬೇಕಾದ ಕೆಲಸವಾದರೆ ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರನ್ನೇ ಕರೆಯಿರಿ. ಬ್ರಿಟನ್‌ನಲ್ಲಿ 2009ರ ಏಪ್ರಿಲ್‌ನಿಂದ ಕಾರ್ಗಿ ಅನ್ನುವ ಹಿಂದಿನ ನೋಂದಣಿಯ ಬದಲು ಇದೇ ನೋಂದಣಿ. ಅವರ ಗುರುತಿನ ಕಾರ್ಡ್ ಹಿಂದೆ ಅವರು ಯಾವ ಯಾವ ಕೆಲಸಕ್ಕೆ ಅರ್ಹರು ಅಂತ ಬರೆದಿರುತ್ತದೆ, ಕೇಳಿ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೋರಿಕೆ ನಿಂತ ಮೇಲೆ ಶುಚಿ ಮಾಡುವ ಮಾತು. ಇದರಲ್ಲಿ ನೀವೇ ಮಾಡಬಹುದಾದದ್ದು ಬಹಳ ಇದೆ, ಯಾಕೆಂದರೆ ರೇಡಿಯೇಟರ್ ಕಳಚುವುದು, ನೀರು ಬದಲಿಸುವುದು ಗ್ಯಾಸ್ ಕೆಲಸ ಅಲ್ಲ. ಆದರೆ ಕ್ರಮ ಮುಖ್ಯ. ಎಷ್ಟೋ ಜನ ಅಂಗಡಿಯಿಂದ ಕ್ಲೀನರ್ ಡಬ್ಬಿ ತಂದು ಮೊದಲು ಅದನ್ನೇ ಸುರಿಯುತ್ತಾರೆ. ರೇಡಿಯೇಟರ್ ತಳದಲ್ಲಿ ಸುಮ್ನೆ ಕೂತಿದ್ದ ಗಸಿ ಸಡಿಲವಾಗಿ ನೀರಿನ ಜೊತೆ ಹೊರಡುತ್ತದೆ. ಹೋಗಿ ಸೇರುವುದು ಎಲ್ಲಿಗೆ? ಬಾಯ್ಲರ್‌ನ ಅದೇ ಕಿರಿದಾದ ಸಂದಿಗಳಿಗೆ. ಅದಕ್ಕೆ ನನ್ನ ಸಲಹೆ: ಮೊದಲು ಬಾಯ್ಲರ್‌ಗೆ ವಾಪಸ್ ಬರುವ ಪೈಪ್‌ನಲ್ಲಿ ಮ್ಯಾಗ್ನೆಟಿಕ್ ಫಿಲ್ಟರ್ ಹಾಕಿಸಿ, ಆಮೇಲೆ ಹೆಚ್ಚು ಕೆಟ್ಟಿರುವ ರೇಡಿಯೇಟರ್ ಕಳಚಿ ತೊಳೆಯಿರಿ, ಕೊನೆಗೆ ಕ್ಲೀನರ್ ಹಾಕಿ. ಮ್ಯಾಗ್ನಾಕ್ಲೀನ್, ಫರ್ನಾಕ್ಸ್ ಟಿಎಫ್1 ಇಂಥವು ಚಾಲ್ತಿಯಲ್ಲಿವೆ. ಇವುಗಳೊಳಗೆ ಒಂದು ಗಟ್ಟಿ ಮ್ಯಾಗ್ನೆಟ್ ಇರುತ್ತದೆ, ನೀರು ಅದರ ಸುತ್ತ ಹರಿದು ಹೋಗುವಾಗ ಕಪ್ಪು ಪುಡಿ ಅಂಟಿಕೊಳ್ಳುತ್ತದೆ. ಬಾಯ್ಲರ್ ಪಕ್ಕದಲ್ಲೇ ಪೈಪ್ ಕತ್ತರಿಸಬೇಕಾಗುವುದರಿಂದ ಎಂಜಿನಿಯರ್ ಕೈಲೇ ಹಾಕಿಸಿ. ಎಕ್ಸ್‌ಪಾನ್ಷನ್ ವೆಸೆಲ್ ನೋಡಲು ಬಂದವರಿಗೇ ಹೇಳಿದರೆ ಒಂದೇ ಭೇಟಿಯಲ್ಲಿ ಮುಗಿಯುತ್ತದೆ.

ರೇಡಿಯೇಟರ್ ಕಳಚುವುದು ಕಷ್ಟದ್ದಲ್ಲ, ಕೊಳಕು ಕೆಲಸ. ಕಪ್ಪು ನೀರು ಕಾರ್ಪೆಟ್‌ಗೆ ಬಿದ್ದರೆ ಕಲೆ ಹೋಗುವುದಿಲ್ಲ, ಆದ್ದರಿಂದ ತಯಾರಿಗೆ ಅರ್ಧ ದಿನ ಹೋದರೂ ಪರವಾಗಿಲ್ಲ. ಹೀಟಿಂಗ್ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆ ಟವೆಲ್, ವಾಲ್ವ್ ಕೆಳಗೆ ಅಗಲ ಬಾಯಿಯ ತಗ್ಗು ಪಾತ್ರೆ. ಒಂದು ಕಡೆ ನಂಬರ್ ಇರುವ ಥರ್ಮೋಸ್ಟಾಟ್ ವಾಲ್ವ್ ಇರುತ್ತದೆ. ಅದನ್ನು ಸೊನ್ನೆಗೆ ತಿರುಗಿಸಿದರೆ ಸಾಲದು. ಚಳಿ ಜಾಸ್ತಿಯಾದರೆ ಅದು ತಾನಾಗಿಯೇ ತೆರೆದುಕೊಳ್ಳುವ ಹಾಗೆ ಮಾಡಿರುತ್ತಾರೆ. ತಲೆಭಾಗ ತೆಗೆದು, ಜೊತೆಗೆ ಕೊಟ್ಟಿರುವ ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿ ಬಿಗಿ ಮಾಡಿ. ಇನ್ನೊಂದು ಕಡೆ ಇರುವುದು ಲಾಕ್‌ಶೀಲ್ಡ್ ವಾಲ್ವ್. ಅದನ್ನು ಸ್ಪ್ಯಾನರ್‌ನಿಂದ ಮುಚ್ಚುವಾಗ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ, ಗೋಡೆಗೆ ಚೀಟಿ ಅಂಟಿಸಿ ಬರೆಯಿರಿ. ಮತ್ತೆ ತೆರೆಯುವಾಗ ಅಷ್ಟೇ ಸುತ್ತು ತೆರೆಯಬೇಕು. ಇಲ್ಲದಿದ್ದರೆ ಒಂದು ರೇಡಿಯೇಟರ್ ಎಲ್ಲ ನೀರನ್ನೂ ಎಳೆದುಕೊಂಡು ಬೇರೆಯವು ತಣ್ಣಗಾಗುತ್ತವೆ.

ಆಮೇಲೆ ಒಂದು ಕಡೆಯ ದೊಡ್ಡ ನಟ್ ನಿಧಾನಕ್ಕೆ ಸಡಿಲಿಸಿ. ವಾಲ್ವ್ ತಿರುಗದ ಹಾಗೆ ಇನ್ನೊಂದು ಸ್ಪ್ಯಾನರ್‌ನಿಂದ ಅದರ ಮೈ ಹಿಡಿದುಕೊಳ್ಳಬೇಕು. ತಿರುಗಿತು ಅಂದರೆ ನೆಲದಿಂದ ಬರುವ ಪೈಪ್ ಬಾಗುತ್ತದೆ. ಮೊದಲು ಒಂದೆರಡು ಹನಿ ಬರುತ್ತದೆ. ಮೇಲಿನ ಗಾಳಿಯ ಕೀಲಿ ತೆರೆದ ಕೂಡಲೇ ರಭಸವಾಗಿ ಸುರಿಯುತ್ತದೆ. ಪಾತ್ರೆ ತುಂಬಿದಾಗ ಕೀಲಿ ಮುಚ್ಚಿ, ನಟ್ ಸ್ವಲ್ಪ ಬಿಗಿಮಾಡಿ, ಪಾತ್ರೆ ಖಾಲಿ ಮಾಡಿ ಬನ್ನಿ. ಹೀಗೆ ಐದಾರು ಲೀಟರ್ ಇಳಿಯುತ್ತದೆ, ದೊಡ್ಡ ರೇಡಿಯೇಟರ್ ಆದರೆ ಇನ್ನೂ ಜಾಸ್ತಿ. ಇಳಿದದ್ದು ನೀರು ಮಾತ್ರ, ಗಸಿ ಒಳಗೇ ಇದೆ. ಎರಡೂ ತೂತಿಗೆ ಬಟ್ಟೆ ಗಟ್ಟಿಯಾಗಿ ತುರುಕಿ, ಪ್ಲಾಸ್ಟಿಕ್ ಕವರ್ ಸುತ್ತಿ, ಇಬ್ಬರು ಸೇರಿ ಎತ್ತಿ. ಒಬ್ಬರೇ ಎತ್ತಬೇಡಿ. ಕೊಂಡಿಯಿಂದ ಬಿಡಿಸಿದ ಮೇಲೆ ಎಷ್ಟು ಭಾರ ಅಂತ ಗೊತ್ತಾಗುತ್ತದೆ, ಅಷ್ಟರಲ್ಲಿ ಕೈಬಿಡಲು ಆಗುವುದಿಲ್ಲ.

ಹೊರಗೆ ಒಯ್ದು, ಅಡುಗೆಮನೆಯ ಕೊಳೆನೀರು ಹೋಗುವ ಗುಂಡಿಯ ಹತ್ತಿರ ನಿಲ್ಲಿಸಿ. ಒಂದು ತೂತಿಗೆ ಹೋಸ್ ಪೈಪ್ ಹಿಡಿದು ನೀರು ಬಿಡಿ. ಮೊದಲು ಬರುವುದು ಮಿರಮಿರ ಮಿನುಗುವ ಕಪ್ಪು ನೀರು. ಸ್ವಲ್ಪ ಹೊತ್ತಿಗೆ ತಿಳಿಯಾದಂತೆ ಕಾಣುತ್ತದೆ. ಮುಗಿಯಿತು ಅಂದುಕೊಳ್ಳಬೇಡಿ. ರಬ್ಬರ್ ಸುತ್ತಿಗೆಯಿಂದ ಕೆಳ ಅಂಚಿನ ಉದ್ದಕ್ಕೂ ಮೆಲ್ಲಗೆ ತಟ್ಟಿ. ಫಿಲ್ಟರ್ ತಳದಲ್ಲಿ ಉಳಿದ ಕಾಫಿ ಗಸಿಯ ಹಾಗೆ ದಪ್ಪ ಹೆಂಟೆಗಳು ಆಗ ಬರುತ್ತವೆ. ರೇಡಿಯೇಟರ್ ತಿರುಗಿಸಿ ಇನ್ನೊಂದು ತುದಿಯಿಂದ ನೀರು ಬಿಡಿ, ಮತ್ತೆ ತಟ್ಟಿ. ತಟ್ಟಿದರೂ ನೀರು ಬಣ್ಣ ಬದಲಿಸದಿದ್ದಾಗ ನಿಲ್ಲಿಸಿ. ರಸ್ತೆ ಬದಿಯ ಮಳೆನೀರಿನ ಚರಂಡಿಗೆ ಇದನ್ನು ಬಿಡಬಾರದು, ಆ ನೀರು ಹಲವು ಊರುಗಳಲ್ಲಿ ಶುದ್ಧವಾಗದೇ ನೇರ ಹೊಳೆಗೆ ಸೇರುತ್ತದೆ.

ತೊಳೆದು ಮತ್ತೆ ತೂಗುಹಾಕಿದ ಮೇಲೆ ಕ್ಲೀನರ್. ಸೆಂಟಿನೆಲ್ ಎಕ್ಸ್400, ಫರ್ನಾಕ್ಸ್ ಎಫ್3 ಇವು ಎಲ್ಲ ಕಡೆ ಸಿಗುತ್ತವೆ. ಸುರಿಯುವುದು ಎಲ್ಲಿಂದ ಅಂತ ಕಾಂಬಿ ಇರುವವರೆಲ್ಲ ಕೇಳುತ್ತಾರೆ. ಫಿಲ್ಟರ್ ಹಾಕಿಸಿದ್ದರೆ ಅದರ ಎರಡೂ ವಾಲ್ವ್ ಮುಚ್ಚಿ, ನೀರು ಇಳಿಸಿ, ಅದರೊಳಗೇ ಸುರಿಯಬಹುದು. ಇಲ್ಲವಾದರೆ ಒಂದು ರೇಡಿಯೇಟರ್‌ನಿಂದ ಎರಡು ಲೀಟರ್ ಇಳಿಸಿ, ಗಾಳಿಯ ಕೀಲಿ ಇರುವ ಬಿರಡೆಯನ್ನೇ ಬಿಚ್ಚಿ ಆಲಿಕೆಯಿಂದ ಸುರಿಯಿರಿ. ಎಲ್ಲ ರೇಡಿಯೇಟರ್ ಪೂರ್ತಿ ತೆರೆದು, ದಿನವೂ ಹೀಟಿಂಗ್ ಓಡಿಸಿ. ಬಿಸಿ ಇಲ್ಲದೆ ಕ್ಲೀನರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲವು ಕ್ಲೀನರ್‌ಗೆ ಒಂದೆರಡು ಗಂಟೆ ಸಾಕು, ಕೆಲವನ್ನು ದಿನಗಟ್ಟಲೆ ಬಿಡಬೇಕು. ಡಬ್ಬಿಯ ಮೇಲಿನ ಗಡುವು ದಾಟಬೇಡಿ. ಆ ದಿನಗಳಲ್ಲಿ ಫಿಲ್ಟರ್ ತೆರೆದು ಒರೆಸುತ್ತಿರಿ, ಮೊದಲ ದಿನ ಎರಡು ಸಲ ಆದರೂ ಆಗಲಿ.

ನಂತರ ಪೂರ್ತಿ ನೀರು ಇಳಿಸಬೇಕು. ನೆಲಮಹಡಿಯಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ಡ್ರೈನ್ ಕಾಕ್ ಇರುತ್ತದೆ. ಹೋಸ್ ಸಿಕ್ಕಿಸಿ ಕೊಳೆನೀರಿನ ಗುಂಡಿಗೆ ಬಿಡಿ. ಮತ್ತೆ ತುಂಬಿ, ಪಂಪ್ ಓಡಿಸಿ, ಮತ್ತೆ ಇಳಿಸಿ. ಇಳಿಯುವ ನೀರು ನಲ್ಲಿ ನೀರಿನಷ್ಟೇ ತಿಳಿಯಾಗಿ, ನೊರೆ ಇಲ್ಲದೆ ಬರುವವರೆಗೆ ಇದನ್ನು ಮಾಡಬೇಕು. ಬೇಜಾರಿನ ಕೆಲಸ, ಆದರೆ ಇಲ್ಲಿ ಆತುರ ಮಾಡಿದರೆ ಉಳಿದ ಕ್ಲೀನರ್ ಮುಂದೆ ಹಾಕುವ ಇನ್‌ಹಿಬಿಟರ್‌ನ ಕೆಲಸ ಕೆಡಿಸುತ್ತದೆ.

ಇನ್‌ಹಿಬಿಟರ್ ಅಂದರೆ ಕಬ್ಬಿಣದ ಮೇಲೆ ತೆಳು ಪೊರೆ ಕಟ್ಟಿ ತುಕ್ಕು ತಡೆಯುವ ರಾಸಾಯನಿಕ. ಸೆಂಟಿನೆಲ್ ಎಕ್ಸ್100, ಫರ್ನಾಕ್ಸ್ ಎಫ್1 ಈ ಜಾತಿಯವು. ಕೊನೆಯ ಸಲ ತುಂಬುವಾಗ ಇದನ್ನು ತಪ್ಪದೇ ಹಾಕಿ. ಒಂದು ಡಬ್ಬಿ ಎಷ್ಟು ರೇಡಿಯೇಟರ್‌ಗೆ ಅಂತ ಅದರ ಮೇಲೇ ಬರೆದಿರುತ್ತದೆ, ಸಂದೇಹ ಇದ್ದರೆ ಸ್ವಲ್ಪ ಜಾಸ್ತಿಯೇ ಹಾಕಿ, ಕಡಿಮೆ ಹಾಕಬೇಡಿ. ಬ್ರಿಟನ್‌ನ ಮನೆ ಹೀಟಿಂಗ್ ನೀರಿನ ಮಾನಕ ಬಿ.ಎಸ್. 7593. 2019ರ ಪರಿಷ್ಕರಣೆ ಪ್ರಕಾರ ವರ್ಷಕ್ಕೊಮ್ಮೆ ನೀರು ಪರೀಕ್ಷಿಸಬೇಕು, 5 ವರ್ಷಕ್ಕೊಮ್ಮೆ ಇನ್‌ಹಿಬಿಟರ್ ಹೊಸದಾಗಿ ಹಾಕಬೇಕು ಅಥವಾ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ನೋಡಬೇಕು. ಫಿಲ್ಟರ್ ಬೇಕು ಅಂತಲೂ ಅದೇ ಹೇಳುತ್ತದೆ. ಮನೆಯಲ್ಲೇ ನೋಡಬೇಕಾದರೆ ಎರಡು ಸಣ್ಣ ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ರೇಡಿಯೇಟರ್ ನೀರು, ಇನ್ನೊಂದರಲ್ಲಿ ನಲ್ಲಿ ನೀರು. ಎರಡಕ್ಕೂ ಹೊಳೆಯುವ ಹೊಸ ಕಬ್ಬಿಣದ ಮೊಳೆ ಹಾಕಿಡಿ. ಮೊಳೆಗೆ ಸತು ಲೇಪ ಇರಬಾರದು. ಒಂದು ವಾರದಲ್ಲಿ ನಲ್ಲಿ ನೀರು ಕೆಂಪಗಾಗುತ್ತದೆ. ರೇಡಿಯೇಟರ್ ನೀರಿನ ಮೊಳೆ ಹೊಳೆಯುತ್ತಲೇ ಇದ್ದರೆ ಇನ್‌ಹಿಬಿಟರ್ ಸಾಕಷ್ಟಿದೆ.

ಹಾಗಾದರೆ ಪವರ್ ಫ್ಲಶ್ ಬೇಡವೇ? ಕೆಲವು ಮನೆಗಳಿಗೆ ಬೇಕು. ಮುಕ್ಕಾಲು ಪಾಲು ರೇಡಿಯೇಟರ್ ತಳ ತಣ್ಣಗಿದ್ದರೆ, ಹೊಸ ಬಾಯ್ಲರ್ ಹಾಕಿಸುತ್ತಿದ್ದರೆ, ಪೈಪ್‌ಗಳಲ್ಲೇ ಗಸಿ ಕಟ್ಟಿದ್ದರೆ ಅದು ಒಳ್ಳೆಯ ಕೆಲಸ. ಯಂತ್ರ ನೀರನ್ನು ಹೆಚ್ಚು ಒತ್ತಡದಲ್ಲಿ ಅಲ್ಲ, ಹೆಚ್ಚು ವೇಗದಲ್ಲಿ ಓಡಿಸುತ್ತದೆ. ದಿಕ್ಕು ಬದಲಿಸಿ ಬದಲಿಸಿ ಓಡಿಸುತ್ತದೆ. ಹತ್ತು ರೇಡಿಯೇಟರ್ ಇರುವ ಮನೆಗೆ ಸರಿಯಾಗಿ ಮಾಡಿದರೆ ಹೆಚ್ಚುಕಡಿಮೆ ಇಡೀ ದಿನ ಬೇಕು, ಅದಕ್ಕೆ 650 ಪೌಂಡ್ ವಿಪರೀತ ಅಲ್ಲ. ನಿಮ್ಮ ಎಂಜಿನಿಯರ್‌ಗೆ ಮೂರು ಮಾತು ಕೇಳಿ. ಒಂದೊಂದೇ ರೇಡಿಯೇಟರ್ ಮಾತ್ರ ತೆರೆದು, ಉಳಿದದ್ದು ಮುಚ್ಚಿ ಫ್ಲಶ್ ಮಾಡುತ್ತೀರಾ? ಕೊನೆಯ ನೀರನ್ನು ನಲ್ಲಿ ನೀರಿನ ಜೊತೆ ಹೋಲಿಸಿ ಮೀಟರ್‌ನಲ್ಲಿ ತೋರಿಸುತ್ತೀರಾ? ಪ್ರೆಶರ್ ಯಾಕೆ ಇಳಿಯುತ್ತಿದೆ ಅಂತ ನೋಡಿದಿರಾ? ಎರಡು ಗಂಟೆಯಲ್ಲಿ ಮುಗಿಸುತ್ತೇನೆ ಅಂದರೆ ಬೇಡ ಅನ್ನಿ. ಕೊನೆಯ ಪ್ರಶ್ನೆಗೆ ಉತ್ತರ ಇಲ್ಲ ಅಂದರೂ ಬೇಡ ಅನ್ನಿ. ಗಾಳಿಯ ದಾರಿ ಮುಚ್ಚದೆ ಫ್ಲಶ್ ಮಾಡಿದರೆ ಕೆಲವು ಚಳಿಗಾಲ ಕಳೆಯುವಷ್ಟರಲ್ಲಿ ಅದೇ ಕಪ್ಪು ನೀರು ಮತ್ತೆ ಬರುತ್ತದೆ, ಆ ದುಡ್ಡು ಹೋದ ಹಾಗೆಯೇ.

ಪವರ್ ಫ್ಲಶ್‌ಗೆ ಒಪ್ಪುವ ಮುಂಚೆ ರೇಡಿಯೇಟರ್‌ಗೆ ಬರುವ ಪೈಪ್‌ನ ದಪ್ಪ ನೋಡಿ. 1970ರ ದಶಕದಲ್ಲಿ ಅನೇಕ ಮನೆಗಳಿಗೆ 8 ಅಥವಾ 10 ಮಿಲಿಮೀಟರ್‌ನ ಸಪೂರ ತಾಮ್ರದ ಪೈಪ್ ಹಾಕಿದರು. ಪೆನ್ಸಿಲ್ ದಪ್ಪ ಇದ್ದರೆ ಅದೇ. ಅದು ಪೂರ್ತಿ ಕಟ್ಟಿಕೊಂಡಿದ್ದರೆ ಫ್ಲಶ್ ಯಂತ್ರದ ನೀರು ಸುಲಭದ ದಾರಿ ಹಿಡಿದು ಬೇರೆ ಕಡೆ ಹೋಗುತ್ತದೆ, ಕಟ್ಟಿದ್ದು ಕಟ್ಟೇ ಇರುತ್ತದೆ. ಅಂಥಲ್ಲಿ ಆ ರೇಡಿಯೇಟರ್ ಕಳಚಿ, ಪೈಪ್‌ನ ಎರಡೂ ತುದಿ ಬಿಚ್ಚಿ, ಅದೊಂದಕ್ಕೇ ನೀರು ಬಿಡಬೇಕಾಗುತ್ತದೆ. ಕೆಲವೊಮ್ಮೆ ಆ ತುಂಡು ಪೈಪ್ ಬದಲಿಸುವುದೇ ಉತ್ತಮ.

ರೇಡಿಯೇಟರ್ ಎಲ್ಲ ಬದಲಿಸಿ ಅಂದವರ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಗಸಿ ಇದೆ ಅಂತ ರೇಡಿಯೇಟರ್ ಎಸೆಯುವುದು ತಪ್ಪು. ತೊಳೆದ ಮೇಲೆ ಕೆಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣ ಗುಳ್ಳೆ ಎದ್ದು, ಕಂದು ಚುಕ್ಕೆ ಮೂಡಿದ್ದರೆ ತಗಡು ಒಳಗಿನಿಂದ ಸವೆದು ತೂತಾಗುವ ಹಂತದಲ್ಲಿದೆ. ಆ ಒಂದನ್ನು ಬದಲಿಸಿ. ಗಸಿಯೇ ತೂತನ್ನು ಮುಚ್ಚಿಕೊಂಡಿರುವುದೂ ಉಂಟು, ಶುಚಿ ಮಾಡಿದ ಮೇಲೆ ಸೋರಲು ಶುರುವಾಗುತ್ತದೆ. ಅದಕ್ಕೇ ಕ್ಲೀನರ್ ಹಾಕಿದ ಮೊದಲ ವಾರ ಪ್ರತಿ ರೇಡಿಯೇಟರ್ ಕೆಳಗೂ ಒಂದು ಕಾಗದ ಇಟ್ಟಿರಿ.

ಇನ್ನು ಡಿಸೆಂಬರ್. ಸೋರಿಕೆ ಮತ್ತು ಫಿಲ್ಟರ್ ಕೆಲಸಕ್ಕೆ ಈಗಲೇ ಎಂಜಿನಿಯರ್ ಕರೆಯಿರಿ, ಚಳಿ ಬಿದ್ದ ಮೇಲೆ ಯಾರೂ ಬೇಗ ಸಿಗುವುದಿಲ್ಲ. ಒಂದು ಶನಿವಾರ ಹಾಲ್‌ನ ರೇಡಿಯೇಟರ್ ಮತ್ತು ಅತ್ತೆ-ಮಾವ ಮಲಗುವ ಕೋಣೆಯ ರೇಡಿಯೇಟರ್ ಎರಡನ್ನು ತೊಳೆದು ಹಾಕಿ. ಅಷ್ಟಕ್ಕೇ ಮನೆ ಎಷ್ಟೋ ಬೆಚ್ಚಗಾಗುತ್ತದೆ. ಕ್ಲೀನರ್ ಹಾಕಿ, ನೀರು ಬದಲಿಸುವ ಕೆಲಸ ಅವರು ಬರುವ ಮುಂಚೆ ಪೂರ್ತಿ ಮುಗಿಯುತ್ತದೆ ಅನ್ನುವ ಭರವಸೆ ಇದ್ದರೆ ಮಾತ್ರ ಶುರುಮಾಡಿ. ಇಲ್ಲವಾದರೆ ಈಗ ಇನ್‌ಹಿಬಿಟರ್ ಒಂದು ಡಬ್ಬಿ ಹಾಕಿ ಚಳಿಗಾಲ ದಾಟಿಸಿ, ಕ್ಲೀನರ್ ಅನ್ನು ಏಪ್ರಿಲ್‌ಗೆ ಇಟ್ಟುಕೊಳ್ಳಿ. ಒಂದೆರಡು ದಿನ ಹೀಟಿಂಗ್ ಇಲ್ಲದಿದ್ದರೂ ನಡೆಯುವ ಕಾಲ ಅದು, ಹಾಗೆಯೇ ಬೇಕಾದಾಗ ಬಾಯ್ಲರ್ ಓಡಿಸಿ ನೀರು ಬಿಸಿ ಮಾಡಲೂ ಆಗುತ್ತದೆ.